ಚುಚ್ಚಿದ ದಿನವೇ ರಕ್ಷಣೆ ಬರುವುದಿಲ್ಲ: ಉದಗೀರ್-ಬೀದರ್ ಗಡಿಯ ದನ, ಲಸಿಕೆ ಮತ್ತು ಮೂರು ವಾರದ ಲೆಕ್ಕ

2022ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರ ಸರಕಾರ ಇಡೀ ರಾಜ್ಯವನ್ನೇ ಚರ್ಮಗಂಟು ರೋಗದ 'ನಿಯಂತ್ರಿತ ಪ್ರದೇಶ' ಎಂದು ಘೋಷಿಸಿತು. ಜಾನುವಾರುಗಳ ಸಾಂಕ್ರಾಮಿಕ ರೋಗ ತಡೆಗೆಂದು 2009ರಲ್ಲಿ ಬಂದ ಕೇಂದ್ರ ಕಾಯ್ದೆಯಡಿ ಹೊರಟ ಆದೇಶ ಅದು. ದನ ಸಾಗಾಟ ಬಂದ್, ಸಂತೆ ಬಂದ್, ಜಾತ್ರೆ, ಪ್ರದರ್ಶನ ಎಲ್ಲವೂ ಬಂದ್. ಲಾತೂರ್ ಜಿಲ್ಲೆಯ ಉದಗೀರ್ ಮತ್ತು ನಿಲಂಗಾ, ಈಗ ಧಾರಾಶಿವ್ ಎಂದು ಹೆಸರು ಬದಲಾದ ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾ, ಈ ಮೂರು ತಾಲೂಕುಗಳಲ್ಲಿ ಆ ಆದೇಶದ ಬಿಸಿ ತಟ್ಟಿದ ರೀತಿಯೇ ಬೇರೆ. ಯಾಕೆಂದರೆ ಇಲ್ಲಿ ದನ ಅಂದರೆ ಬರೀ ಹಾಲಲ್ಲ. ಉಳುಮೆ, ಮದುವೆ ಖರ್ಚು, ಸಾಲದ ಬಡ್ಡಿ, ಲಾರಿ ಚಾಲಕನ ಬಾಡಿಗೆ, ದಲ್ಲಾಳಿಯ ಕಮಿಷನ್ ಎಲ್ಲವೂ ಆ ಒಂದು ಹಗ್ಗದ ತುದಿಯಲ್ಲಿ ಕಟ್ಟಿಕೊಂಡಿವೆ. ಉದಗೀರ್ ತಾಲೂಕಿನ ಹಾಳಿ ಹಂಡರಗುಳಿಯ ಜಾನುವಾರು ಸಂತೆಗೆ ಮರಾಠವಾಡದಲ್ಲೇ ದೊಡ್ಡ ಹೆಸರು. ಅಂಥ ಸಂತೆಗೆ ಬೀಗ ಬಿದ್ದರೆ ನಷ್ಟ ಒಬ್ಬಿಬ್ಬರದ್ದಲ್ಲ.

ಕರಾವಳಿಯ ಓದುಗರಿಗೆ ಈ ಊರುಗಳು ದೂರ ಅನ್ನಿಸಬಹುದು. ಆದರೆ ಉದಗೀರ್ ಮತ್ತು ನಿಲಂಗಾ 1956ರ ತನಕ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲೇ ಇದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಮೈಸೂರಿಗೆ ಬಂತು, ಈ ತಾಲೂಕುಗಳು ಮರಾಠವಾಡದ ಜೊತೆ ಮುಂಬೈ ರಾಜ್ಯಕ್ಕೆ ಹೋದವು. ಇಂದಿಗೂ ಆ ಗಡಿಯ ಹಲವು ಮನೆಗಳಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ಒಂದೇ ಜಗಲಿಯಲ್ಲಿ ಕೇಳುತ್ತವೆ. ಇತ್ತ ಔರಾದ್, ಕಮಲನಗರ, ಭಾಲ್ಕಿ, ಬಸವಕಲ್ಯಾಣ, ಆಳಂದ. ಅತ್ತ ಉದಗೀರ್, ದೇವಣಿ, ನಿಲಂಗಾ, ಉಮರ್ಗಾ. ಪುಣೆ-ಹೈದರಾಬಾದ್ ಹೆದ್ದಾರಿ ಉಮರ್ಗಾ ದಾಟಿದ ಮೇಲೆ ಸ್ವಲ್ಪ ಹೊತ್ತಿಗೆ ಕರ್ನಾಟಕ. ದೇವಣಿ ತಳಿಯ ದನಕ್ಕೆ ಹೆಸರು ಬಂದದ್ದು ಇಲ್ಲಿನ ದೇವಣಿ ಎಂಬ ಊರಿನಿಂದಲೇ. ಹಾಲಿಗೂ ಸೈ, ನೇಗಿಲಿಗೂ ಸೈ ಎನ್ನುವ ತಳಿ. ಅದರ ತವರು ಗಡಿಯ ಎರಡೂ ಕಡೆ ಹರಡಿದೆ. ಅದಕ್ಕಾಗಿಯೇ ಬೀದರ್ ಜಿಲ್ಲೆಯ ಹಳ್ಳಿಖೇಡದಲ್ಲಿ ಒಂದು ದೇವಣಿ ಸಂಶೋಧನಾ ಕೇಂದ್ರ ಇದೆ, ಅತ್ತ ಉದಗೀರ್‌ನಲ್ಲಿ ಮಹಾರಾಷ್ಟ್ರದ ಪಶುವೈದ್ಯ ಕಾಲೇಜು ಇದೆ.

ಚರ್ಮಗಂಟು ರೋಗ ಭಾರತದಲ್ಲಿ ಮೊದಲು ಕಾಣಿಸಿದ್ದು 2019ರಲ್ಲಿ, ಒಡಿಶಾದಲ್ಲಿ. 2022ರಲ್ಲಿ ಗುಜರಾತ್, ರಾಜಸ್ಥಾನಗಳಲ್ಲಿ ಸತ್ತ ದನಗಳ ರಾಶಿಯ ಚಿತ್ರ ಎಲ್ಲರೂ ಮೊಬೈಲ್‌ನಲ್ಲಿ ನೋಡಿದ್ದಾರೆ. ಆ ವರ್ಷ ದೇಶದಲ್ಲಿ ಸತ್ತ ದನಗಳು ಲಕ್ಷ ದಾಟಿದವು. ಅದರ ಜೊತೆಗೇ ಹಾಲು ಕುಡಿಯಬೇಡಿ, ಮಾಂಸ ಮುಟ್ಟಬೇಡಿ ಎಂಬ ವಾಟ್ಸ್‌ಆ್ಯಪ್ ಫಾರ್ವರ್ಡ್‌ಗಳೂ ಓಡಾಡಿದವು. ಈ ವೈರಸ್ ಮನುಷ್ಯನಿಗೆ ಅಂಟುವುದಿಲ್ಲ. ಅದು ಹರಡುವುದು ಮುಖ್ಯವಾಗಿ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ, ಮತ್ತೆ ರೋಗ ಹೊತ್ತ ದನವನ್ನು ಒಂದೂರಿನಿಂದ ಇನ್ನೊಂದೂರಿಗೆ ಒಯ್ಯುವುದರಿಂದ. ನೊಣಕ್ಕೆ ಚೆಕ್‌ಪೋಸ್ಟ್ ಇಲ್ಲ.

ಆಗ ಎಲ್ಲ ಕಡೆ ಕೇಳಿಬಂದ ಒಂದು ದೂರು ಇತ್ತು. "ಲಸಿಕೆ ಹಾಕಿಸಿ ವಾರ ಆಗಿಲ್ಲ, ದನದ ಮೈಮೇಲೆ ಗಂಟು ಎದ್ದಿದೆ. ಲಸಿಕೆಯೇ ಡೂಪ್ಲಿಕೇಟ್." ಇನ್ನೊಂದು ದೂರು: "ಮೇಕೆಗೆ ಹಾಕುವ ಮದ್ದನ್ನು ದನಕ್ಕೆ ಹಾಕಿ ಸರಕಾರ ಕೈತೊಳೆದುಕೊಂಡಿದೆ." ಎರಡೂ ದೂರುಗಳಿಗೆ ಉತ್ತರ ಇರುವುದು ಲಸಿಕೆಯ ಬಾಟಲಿಯಲ್ಲಿ ಅಲ್ಲ, ದನದ ಚರ್ಮದ ಒಳಗೆ. ಅದನ್ನು ರೈತನಿಗೆ ಬಿಡಿಸಿ ಹೇಳುವ ಕೆಲಸ ಆದದ್ದು ಕಡಿಮೆ. ವ್ಯಾಪಾರಿಗೆ ಹೇಳಿದವರಂತೂ ಇಲ್ಲವೇ ಇಲ್ಲ ಎನ್ನಬೇಕು.

ಸೂಜಿ ಚರ್ಮದ ಅಡಿಗೆ ಹೋದಾಗ ಏನಾಗುತ್ತದೆ ನೋಡಿ. ಚರ್ಮದಲ್ಲಿ ಡೆಂಡ್ರಿಟಿಕ್ ಕೋಶ ಎಂಬ ಕಾವಲುಗಾರರಿದ್ದಾರೆ. ಮರದ ಕೊಂಬೆಯ ಹಾಗೆ ಕೈಚಾಚಿಕೊಂಡ ಕೋಶಗಳು. ಇವನ್ನು 1973ರಲ್ಲಿ ಇಲಿಯ ಗುಲ್ಮದಲ್ಲಿ ಗುರುತಿಸಿದವರು ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯ ರಾಲ್ಫ್ ಸ್ಟೈನ್‌ಮನ್. ಬಹಳ ವರ್ಷ ಅವರ ಮಾತನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 2011ರಲ್ಲಿ ನೊಬೆಲ್ ಘೋಷಣೆಯಾದಾಗ ಅವರು ತೀರಿಹೋಗಿ ಮೂರು ದಿನ ಆಗಿತ್ತು, ಸಮಿತಿಗೆ ಅದು ಗೊತ್ತೇ ಇರಲಿಲ್ಲ. ಈ ಕೋಶ ವೈರಸ್ಸನ್ನು ನುಂಗಿ, ಚೂರು ಚೂರು ಮಾಡಿ, ಆ ಚೂರನ್ನು ಎತ್ತಿಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೊರಡುತ್ತದೆ. ಅಲ್ಲಿ ಟಿ ಕೋಶಗಳ ಜಾತ್ರೆ. ಪ್ರತಿ ಟಿ ಕೋಶಕ್ಕೂ ಒಂದೊಂದು ಗುರುತಷ್ಟೇ ತಿಳಿಯುತ್ತದೆ. ಈ ನಿರ್ದಿಷ್ಟ ವೈರಸ್ಸಿನ ಚೂರನ್ನು ಗುರುತಿಸಬಲ್ಲದ್ದು ಲಕ್ಷದಲ್ಲಿ ಒಂದೋ, ಹತ್ತು ಲಕ್ಷದಲ್ಲಿ ಒಂದೋ. ಅದು ಸಿಗುವ ತನಕ ತೋರಿಸುತ್ತಾ ಇರಬೇಕು.

ತೋರಿಸುವುದು ಅಂದರೆ ಹಾಗೇ ಬಯಲಲ್ಲಿ ಹಿಡಿದು ತೋರಿಸುವುದಲ್ಲ. ದನದ ಸಂತೆಯಲ್ಲಿ ಟವಲಿನ ಅಡಿಯಲ್ಲಿ ಕೈ ಹಿಡಿದು ಬೆರಳಿನಲ್ಲೇ ರೇಟು ಹೇಳುವ ಪದ್ಧತಿ ಇದೆಯಲ್ಲ, ಹೆಚ್ಚುಕಮ್ಮಿ ಹಾಗೆ. ಕೋಶದ ಮೇಲ್ಮೈಯಲ್ಲಿ ಎಂಎಚ್‌ಸಿ ಎಂಬ ಒಂದು ಪ್ರೋಟೀನ್ ಅಂಗೈ ಇದೆ. ಅದರ ನಡುವಿನ ಸಂದಿಯಲ್ಲಿ ವೈರಸ್ಸಿನ ಚಿಕ್ಕ ತುಣುಕು ಕೂರುತ್ತದೆ. ಟಿ ಕೋಶ ಆ ಕೈಯನ್ನೂ ತುಣುಕನ್ನೂ ಒಟ್ಟಿಗೇ ಮುಟ್ಟಿ ನೋಡಬೇಕು. ಬರೀ ವೈರಸ್ ಎದುರು ಬಂದರೆ ಅದಕ್ಕೆ ಗುರುತೇ ಸಿಗುವುದಿಲ್ಲ. 1974ರಲ್ಲಿ ಇದನ್ನು ತೋರಿಸಿಕೊಟ್ಟ ಇಬ್ಬರಲ್ಲಿ ಒಬ್ಬರು, ಆಸ್ಟ್ರೇಲಿಯದ ಪೀಟರ್ ಡೊಹರ್ಟಿ, ಓದಿದ್ದು ಪಶುವೈದ್ಯ. ಇನ್ನೊಬ್ಬರು ಸ್ವಿಟ್ಜರ್ಲೆಂಡಿನ ರಾಲ್ಫ್ ಜಿಂಕರ್‌ನಾಗೆಲ್. 1996ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ದನದ ಡಾಕ್ಟರ್ ಎಂದರೆ ಎರಡನೇ ದರ್ಜೆ ಎಂದುಕೊಳ್ಳುವವರು ಈ ಹೆಸರನ್ನು ನೆನಪಿಡಬಹುದು.

ಬೆರಳು ಹಿಡಿದ ಮಾತ್ರಕ್ಕೆ ವ್ಯಾಪಾರ ಕುದುರಿತು ಅಂತಲ್ಲ, ಮುಂಗಡ ಕೈಗೆ ಬೀಳಬೇಕು. ಇಲ್ಲೂ ಹಾಗೆಯೇ. ತುಣುಕು ತೋರಿಸುವುದು ಮೊದಲ ಸಂಕೇತ. ಎರಡನೆಯ ಸಂಕೇತ ಬೇರೆ ಬರಬೇಕು. ಡೆಂಡ್ರಿಟಿಕ್ ಕೋಶಕ್ಕೆ 'ಇಲ್ಲಿ ನಿಜವಾದ ಅಪಾಯ ಇದೆ' ಎಂದು ಅನ್ನಿಸಿದಾಗ ಮಾತ್ರ ಅದು ತನ್ನ ಮೇಲ್ಮೈಗೆ ಸಿಡಿ80, ಸಿಡಿ86 ಎಂಬ ಇನ್ನೆರಡು ಪ್ರೋಟೀನುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಎಂಎಚ್‌ಸಿ ವಿಷಯದಲ್ಲೂ ಅಷ್ಟೇ. ಸುಮ್ಮನಿರುವ ಕಾಲದಲ್ಲಿ ಕೋಶ ಆ ಅಂಗೈಗಳನ್ನು ಮೇಲೆ ಕಳಿಸಿ ಮತ್ತೆ ಒಳಗೆಳೆದು ಕರಗಿಸುತ್ತಾ ಇರುತ್ತದೆ. ಅಪಾಯದ ಸೂಚನೆ ಸಿಕ್ಕಿದ್ದೇ ತಡ, ಕರಗಿಸುವುದನ್ನು ನಿಲ್ಲಿಸಿ ತುಣುಕು ಹಿಡಿದ ಕೈಗಳನ್ನು ಮೇಲೆಯೇ ಉಳಿಸಿಕೊಳ್ಳುತ್ತದೆ. ಮೊದಲ ಸಂಕೇತ ಸಿಕ್ಕಿ ಎರಡನೆಯದು ಸಿಗದೆ ಹೋದರೆ ಟಿ ಕೋಶ ಏಳುವುದಿಲ್ಲ. ಏಳದಿರುವುದು ಮಾತ್ರವಲ್ಲ, ಆ ಗುರುತಿನ ಬಗ್ಗೆ ಮುಂದೆಯೂ ಜಡವಾಗಿಬಿಡಬಹುದು. ಇಷ್ಟೊಂದು ಬಿಗಿ ಯಾಕೆ? ನಮ್ಮದೇ ದೇಹದ ಚೂರುಗಳನ್ನೂ ಇವೇ ಕೋಶಗಳು ದಿನವೂ ತೋರಿಸುತ್ತಿರುತ್ತವೆ. ಅದಕ್ಕೆಲ್ಲ ಟಿ ಕೋಶ ಎದ್ದು ನಿಂತರೆ ದೇಹ ತನ್ನ ಮೇಲೇ ದಾಳಿ ಮಾಡಿಕೊಂಡಂತೆ.

2025ರ ಅಕ್ಟೋಬರ್‌ನಲ್ಲಿ ಘೋಷಣೆಯಾದ ವೈದ್ಯಕೀಯ ನೊಬೆಲ್ ಇದೇ ಬಿಗಿಯ ಕುರಿತದ್ದು. ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್, ಜಪಾನಿನ ಶಿಮೊನ್ ಸಕಾಗುಚಿ, ಈ ಮೂವರು ಕೆಲಸ ಮಾಡಿದ್ದು 'ನಿಯಂತ್ರಕ ಟಿ ಕೋಶ'ಗಳ ಮೇಲೆ. ಈ ಕೋಶಗಳ ಕಾರುಬಾರು ಸ್ವಾರಸ್ಯದ್ದು. ಅವು ಡೆಂಡ್ರಿಟಿಕ್ ಕೋಶದ ಹತ್ತಿರ ಹೋಗಿ ಅದರ ಮೇಲಿನ ಸಿಡಿ80, ಸಿಡಿ86ಗಳನ್ನೇ ಕಿತ್ತುಕೊಂಡು ಬರಬಲ್ಲವು. ಅಂದರೆ ಮುಂಗಡದ ಹಣವನ್ನೇ ಎತ್ತಿಕೊಂಡು ಹೋದಂತೆ. ವ್ಯಾಪಾರ ಅಲ್ಲಿಗೇ ನಿಂತಿತು.

ಈಗ ಮತ್ತೆ ಉದಗೀರ್‌ಗೆ ಬರೋಣ. ಚರ್ಮಗಂಟು ವೈರಸ್ಸಿಗೂ ಈ ಬೀಗದ ಕೈ ಗೊತ್ತು. ಅದು ಸಿಡುಬಿನ ಕುಟುಂಬದ್ದು. ಡಿಎನ್‌ಎ ದೊಡ್ಡದು, ಸುಮಾರು ಒಂದೂವರೆ ಲಕ್ಷ ಅಕ್ಷರ, 156ರಷ್ಟು ಜೀನ್‌ಗಳು. ಅವುಗಳಲ್ಲಿ ಒಂದು ಜೀನ್, ದೇಹ ತನ್ನ ಸೈನ್ಯವನ್ನು ಸಮಾಧಾನಪಡಿಸಲು ಬಳಸುವ ಐಎಲ್-10 ಎಂಬ ಸಂದೇಶದ ನಕಲನ್ನು ಹೋಲುತ್ತದೆ. ಐಎಲ್-10 ಸಿಕ್ಕಿದರೆ ಡೆಂಡ್ರಿಟಿಕ್ ಕೋಶ ಎಂಎಚ್‌ಸಿ ಕೈಗಳನ್ನು ಒಳಗೆಳೆದುಕೊಳ್ಳುತ್ತದೆ, ಎರಡನೆಯ ಸಂಕೇತವನ್ನೂ ಇಳಿಸುತ್ತದೆ. ಅಸಲಿ ಆದೇಶದ ಜೊತೆ ನಕಲಿ ಸುತ್ತೋಲೆಯನ್ನೂ ಸೇರಿಸಿ ಕಳಿಸಿದಂತೆ. ಇಂಥ ಶತ್ರು ಮೈಯೊಳಗೆ ಬೀಡುಬಿಡುವ ಮೊದಲೇ ಟಿ ಕೋಶಗಳು ತಯಾರಾಗಿ ನಿಂತಿರಬೇಕು. ರೋಗ ಬಂದ ಮೇಲೆ ಓಡಿಹೋಗಿ ಚುಚ್ಚಿದರೆ ಪ್ರಯೋಜನ ಕಡಿಮೆ ಎಂಬುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಎಷ್ಟು ದಿನ ಬೇಕು? ಚರ್ಮದಿಂದ ಗ್ರಂಥಿಗೆ ಹೋಗಲು ಒಂದೆರಡು ದಿನ. ಸರಿಯಾದ ಟಿ ಕೋಶ ಸಿಕ್ಕಿ, ಅದು ಒಂದು ಎರಡಾಗಿ, ಎರಡು ನಾಲ್ಕಾಗಿ, ಸಾವಿರಗಟ್ಟಲೆ ಆಗಲು ವಾರ, ಒಂದೂವರೆ ವಾರ. ಅವುಗಳ ಸಹಾಯದಿಂದ ಬಿ ಕೋಶಗಳು ಗಟ್ಟಿಯಾದ ಪ್ರತಿಕಾಯ ತಯಾರಿಸಲು ಇನ್ನೂ ಸ್ವಲ್ಪ. ಪೂರ್ತಿ ಭರವಸೆ ಇಡಬಹುದಾದ ರಕ್ಷಣೆಗೆ ಮೂರರಿಂದ ನಾಲ್ಕು ವಾರ ಲೆಕ್ಕ ಹಿಡಿಯಬೇಕು. ವಾರದೊಳಗೆ ಗಂಟು ಎದ್ದ ದನಕ್ಕೆ ಬಹುಶಃ ಲಸಿಕೆಗೆ ಮೊದಲೇ, ಅಥವಾ ಅದರ ಬೆನ್ನಿಗೇ, ನೊಣ ಕಚ್ಚಿ ಆಗಿತ್ತು. ರೋಗದ ವೈರಸ್ಸಿಗೂ ಒಳಗೆ ಬೆಳೆಯಲು ಒಂದರಿಂದ ಮೂರ್ನಾಲ್ಕು ವಾರ ಬೇಕು ತಾನೇ? ಲಸಿಕೆ ನಕಲಿಯಾಗಿರಲಿಲ್ಲ, ತಡವಾಗಿತ್ತು. ಇನ್ನೊಂದು ಅನಾಹುತವೂ ಇದೆ. ಒಂದೇ ಸೂಜಿಯಲ್ಲಿ ಸಾಲಾಗಿ ಹತ್ತು ದನಗಳಿಗೆ ಚುಚ್ಚಿದರೆ ರೋಗ ಹೊತ್ತ ದನದಿಂದ ಮುಂದಿನದಕ್ಕೆ ಸೂಜಿಯೇ ವೈರಸ್ ದಾಟಿಸಬಹುದು. ದನಕ್ಕೊಂದು ಸೂಜಿ ಎಂಬ ನಿಯಮ ದುಬಾರಿ ಅನ್ನಿಸಬಹುದು, ಸತ್ತ ಎತ್ತಿನ ಮುಂದೆ ಅದೇನೂ ಅಲ್ಲ.

ಮೇಕೆಯ ಮದ್ದಿನ ಪ್ರಶ್ನೆಗೂ ಇದೇ ಅಂಗೈ-ತುಣುಕಿನ ಲೆಕ್ಕದಲ್ಲೇ ಉತ್ತರ ಇದೆ. ಮೇಕೆ ಸಿಡುಬು, ಕುರಿ ಸಿಡುಬು, ಚರ್ಮಗಂಟು ಮೂರೂ ಒಡಹುಟ್ಟಿದವು. ಡಿಎನ್‌ಎಯಲ್ಲಿ ಸುಮಾರು ಶೇ. 97 ಒಂದೇ. ಟಿ ಕೋಶ ನೋಡುವುದು ಇಡೀ ವೈರಸ್ಸನ್ನಲ್ಲ, ಎಂಟು-ಹತ್ತು ಅಮೈನೋ ಆಮ್ಲಗಳ ಒಂದು ತುಣುಕನ್ನು. ಮೇಕೆಯ ವೈರಸ್ಸಿನ ತುಣುಕೂ ದನದ ವೈರಸ್ಸಿನ ತುಣುಕೂ ಬಹುಪಾಲು ಒಂದೇ ಆದರೆ, ಒಂದನ್ನು ಕಲಿತ ಟಿ ಕೋಶ ಇನ್ನೊಂದನ್ನೂ ಹಿಡಿಯುತ್ತದೆ. ಹಾಗಾಗಿ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಮೇಕೆ ಸಿಡುಬಿನ ಲಸಿಕೆಯನ್ನೇ, ದನಕ್ಕೆಂದು ಪ್ರಮಾಣ ಹೆಚ್ಚಿಸಿ, ಬಳಸಲಾಯಿತು. 2019ರ ಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಇದ್ದ ದನಗಳೇ 1.39 ಕೋಟಿ. ಅಷ್ಟಕ್ಕೆ ಬೇಕಾದ ಲಸಿಕೆ ಕೈಗೆ ಸಿಗುವಂತಿದ್ದದ್ದು ಅದೊಂದೇ. ಕೈತೊಳೆದುಕೊಂಡರು ಎನ್ನುವುದು ನ್ಯಾಯದ ಮಾತಲ್ಲ. ಆದರೆ ಅಣ್ಣನ ಅಂಗಿ ತಮ್ಮನಿಗೆ ಪೂರ್ತಿ ಸರಿಹೊಂದಬೇಕು ಅಂತೇನೂ ಇಲ್ಲ, ಆ ಮೂರು ಶೇಕಡಾ ಎಲ್ಲಿ ಕೈಕೊಡುತ್ತದೋ ಗೊತ್ತಾಗುವುದು ಬಯಲಿನಲ್ಲೇ.

ಸರಿಯಾದ ಅಳತೆಯ ಅಂಗಿ ಹೊಲಿಯುವ ಕೆಲಸ ಆಗಲೇ ಶುರುವಾಗಿತ್ತು. ಹಿಸಾರ್‌ನ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದವರು ರಾಂಚಿಯ ದನದಿಂದ 2019ರಲ್ಲಿ ಸಿಕ್ಕ ವೈರಸ್ಸನ್ನು ಪ್ರಯೋಗಾಲಯದ ಕೋಶಗಳಲ್ಲಿ 50 ಸಲ ದಾಟಿಸಿ ದುರ್ಬಲ ಮಾಡಿದರು. ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಯೂ ಜೊತೆಗಿತ್ತು. 2022ರ ಆಗಸ್ಟ್ 10ರಂದು 'ಲಂಪಿ-ಪ್ರೋವ್ಯಾಕ್‌ಇಂಡ್' ಎಂಬ ಹೆಸರಲ್ಲಿ ಅದನ್ನು ಬಿಡುಗಡೆ ಮಾಡಲಾಯಿತು. ಬಿಡುಗಡೆ ಎಂದರೆ ಹಳ್ಳಿಯ ಆಸ್ಪತ್ರೆಯ ಫ್ರಿಜ್‌ಗೆ ಬಂತು ಎಂದಲ್ಲ. ಅದೇ ವರ್ಷ ಡಿಸೆಂಬರ್ ಕೊನೆಗೆ ಪುಣೆಯ ಸರಕಾರಿ ಲಸಿಕೆ ಸಂಸ್ಥೆಗೆ ಉತ್ಪಾದನೆಯ ಒಪ್ಪಂದ ಆಯಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕದ ಬಯೋವೆಟ್ ಕಂಪೆನಿಯ 'ಬಯೋಲಂಪಿವ್ಯಾಕ್ಸಿನ್'ಗೆ ಕೇಂದ್ರದ ಪರವಾನಗಿ ಸಿಕ್ಕಿತು. ಮೂರು ತಿಂಗಳು ದಾಟಿದ ದನ, ಎಮ್ಮೆಗಳಿಗೆ ವರ್ಷಕ್ಕೊಮ್ಮೆ. ದೊಡ್ಡ ಸಾವಿನ ವರ್ಷ ಕಳೆದು ಎರಡೂವರೆ ವರ್ಷವಾದ ಮೇಲೆ ಬಂದ ಪರವಾನಗಿ ಅದು.

ವರ್ಷಕ್ಕೊಮ್ಮೆ ಸಾಕಾದರೆ ಕಾಲುಬಾಯಿ ಜ್ವರದ ಲಸಿಕೆ ಮಾತ್ರ ಯಾಕೆ ಆರು ತಿಂಗಳಿಗೊಮ್ಮೆ? ಹೈನುಗಾರರು ಕೇಳುವ ಪ್ರಶ್ನೆ ಇದು. ಕಾಲುಬಾಯಿಯದ್ದು ಸತ್ತ ವೈರಸ್ಸಿನ ಲಸಿಕೆ. ಸತ್ತದ್ದು ಕೋಶದ ಹೊರಗಿನಿಂದ ನುಂಗಿದ ಸರಕಾಗಿ ಒಳಗೆ ಹೋಗುತ್ತದೆ, ಮುಖ್ಯವಾಗಿ ಎಂಎಚ್‌ಸಿ ಎರಡನೇ ವರ್ಗದ ಕೈಯಲ್ಲಿ ಕೂರುತ್ತದೆ, ಸಹಾಯಕ ಟಿ ಕೋಶಗಳನ್ನು ಎಬ್ಬಿಸುತ್ತದೆ. ಪ್ರತಿಕಾಯ ಬರುತ್ತದೆ, ಬೇಗ ಇಳಿಯುತ್ತದೆ. ಅದೇ ಸತ್ತ ಸರಕಿಗೆ ಅಪಾಯದ ಸೂಚನೆ ಕೊಡುವ ಶಕ್ತಿಯೂ ಕಡಿಮೆ, ಆದ್ದರಿಂದಲೇ ಎಣ್ಣೆಯಂಥ ಸಹಾಯಕ ದ್ರವ್ಯ ಬೆರೆಸುತ್ತಾರೆ. ಚರ್ಮಗಂಟಿನದ್ದು ದುರ್ಬಲಗೊಳಿಸಿದ ಜೀವಂತ ವೈರಸ್. ಅದು ಕೋಶದ ಒಳಗೇ ಸ್ವಲ್ಪ ಬೆಳೆಯುತ್ತದೆ, ಹಾಗಾಗಿ ಒಂದನೇ ವರ್ಗದ ಕೈಯಲ್ಲೂ ಕಾಣಿಸಿಕೊಳ್ಳುತ್ತದೆ, ಸೋಂಕು ತಗುಲಿದ ಕೋಶವನ್ನೇ ಕೊಲ್ಲುವ ಟಿ ಕೋಶಗಳು ಏಳುತ್ತವೆ. ಎರಡನೆಯ ಸಂಕೇತವನ್ನೂ ತಾನೇ ತರುತ್ತದೆ.

ಆದರೆ ಜೀವಂತವಾಗಿದ್ದರೆ ಮಾತ್ರ! ಇಲ್ಲಿದೆ ಗಡಿ ಹಳ್ಳಿಯ ನಿಜವಾದ ಸಮಸ್ಯೆ. ಪುಡಿಯ ರೂಪದ ಈ ಲಸಿಕೆಯನ್ನು ದ್ರಾವಣದಲ್ಲಿ ಕಲಸಿದ ಮೇಲೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲೇ ಇಟ್ಟು ಕೆಲವೇ ಗಂಟೆಯೊಳಗೆ ಮುಗಿಸಬೇಕು. ಮರಾಠವಾಡದ ಬಿಸಿಲಲ್ಲಿ, ಬೈಕಿನ ಹಿಂಬದಿಯಲ್ಲಿ, ಕರಗಿದ ಐಸಿನ ನೀರಲ್ಲಿ ಬಾಟಲಿ ತೇಲುತ್ತಿದ್ದರೆ ವೈರಸ್ ಸಾಯುತ್ತದೆ. ಆಮೇಲೆ ಚುಚ್ಚಿದರೆ ಕಿವಿಯ ಓಲೆಯ ನಂಬರಿನ ಎದುರು 'ಲಸಿಕೆ ಆಗಿದೆ' ಎಂದು ದಾಖಲಾಗುತ್ತದೆ, ದುಗ್ಧಗ್ರಂಥಿಯಲ್ಲಿ ಏನೂ ಆಗಿರುವುದಿಲ್ಲ. ಕಾಲುಬಾಯಿ ಲಸಿಕೆಗೆ ತಂಪು ಬೇಕು, ಹೆಪ್ಪುಗಟ್ಟಬಾರದು, ಹೆಪ್ಪುಗಟ್ಟಿದರೆ ಎಣ್ಣೆ ಒಡೆದು ಕೆಡುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ತುರುಕಿಕೊಂಡು ಹೋಗುವ ಸಿಬ್ಬಂದಿಗೆ ಈ ವ್ಯತ್ಯಾಸ ನೆನಪಿರಬೇಕು. ಕರುಗಳದ್ದು ಇನ್ನೊಂದು ತೊಂದರೆ: ಲಸಿಕೆಯಾದ ತಾಯಿಯ ಗಿಣ್ಣು ಕುಡಿದ ಕರುವಿನ ಮೈಯಲ್ಲಿ ತಾಯಿಯ ಪ್ರತಿಕಾಯ ಇರುತ್ತದೆ. ಬಹಳ ಬೇಗ ಲಸಿಕೆ ಹಾಕಿದರೆ ಆ ಪ್ರತಿಕಾಯವೇ ಲಸಿಕೆಯ ವೈರಸ್ಸನ್ನು ಮುಗಿಸಿಬಿಡುತ್ತದೆ, ಡೆಂಡ್ರಿಟಿಕ್ ಕೋಶಕ್ಕೆ ತೋರಿಸಲು ಸರಕೇ ಉಳಿಯುವುದಿಲ್ಲ.

ಇನ್ನು ದುಡ್ಡಿನ ಲೆಕ್ಕ. 2022ರಲ್ಲಿ ರೋಗದಿಂದ ಹಸು ಸತ್ತರೆ ಮಹಾರಾಷ್ಟ್ರದಲ್ಲಿ 30,000 ರೂ., ಎತ್ತು ಸತ್ತರೆ 25,000, ಕರುವಿಗೆ 16,000 ಪರಿಹಾರ. ಕರ್ನಾಟಕದಲ್ಲಿ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000. ಆಗ ಕರ್ನಾಟಕದ ಪಶುಸಂಗೋಪನಾ ಸಚಿವರಾಗಿದ್ದವರು ಉದಗೀರ್‌ಗೆ ತಾಗಿಕೊಂಡಿರುವ ಔರಾದ್‌ನ ಶಾಸಕ ಪ್ರಭು ಚವ್ಹಾಣ್. ಒಂದೇ ದೇವಣಿ ತಳಿ, ಒಂದೇ ನೊಣ, ಎರಡು ರೇಟು. ಕಾಗದದಲ್ಲಿ ಇದು ಸಣ್ಣ ವಿಷಯ. ಆದರೆ ಗಡಿಯ ಇಬ್ಬದಿಯಲ್ಲೂ ನೆಂಟರಿರುವ, ಎತ್ತು ಅಲ್ಲಿ ಕೊಂಡು ಇಲ್ಲಿ ಉಳುವ ರೈತನಿಗೆ ತನ್ನ ದನ ಯಾವ ರಾಜ್ಯದ ದಾಖಲೆಯಲ್ಲಿದೆ ಎಂಬುದೇ ಪರಿಹಾರ ಸಿಗುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ.

ಲಸಿಕೆ ಅಭಿಯಾನವೂ ರಾಜ್ಯದ್ದೇ, ಸಂತೆ ಬಂದ್ ಆದೇಶವೂ ರಾಜ್ಯ, ಜಿಲ್ಲಾಡಳಿತಗಳದ್ದೇ. ಗಡಿಯ ಒಂದು ಕಡೆ ದನಗಳಿಗೆ ಚುಚ್ಚಿ ಮೂರು ವಾರ ಆಗಿರುವಾಗ ಇನ್ನೊಂದು ಕಡೆ ಅಭಿಯಾನ ಶುರುವೇ ಆಗದಿದ್ದರೆ ಮಧ್ಯದ ಹಳ್ಳಿಗಳಲ್ಲಿ ವೈರಸ್ಸಿಗೆ ದಾರಿ ತೆರೆದೇ ಇರುತ್ತದೆ. ಲಾತೂರ್, ಧಾರಾಶಿವ್, ಬೀದರ್, ಕಲಬುರಗಿ ನಾಲ್ಕು ಜಿಲ್ಲೆಗಳ ಪಶುಸಂಗೋಪನಾ ಇಲಾಖೆಗಳು ಮಳೆಗಾಲದ ನೊಣ ಏಳುವುದಕ್ಕೆ ಒಂದು ತಿಂಗಳು ಮೊದಲು, ಒಂದೇ ವಾರದಲ್ಲಿ, ಗಡಿಯ ಎರಡೂ ಬದಿ ಲಸಿಕೆ ಮುಗಿಸಲು ಯಾವ ದೊಡ್ಡ ಕಾನೂನೂ ಬೇಕಾಗಿಲ್ಲ, ನಾಲ್ಕು ಫೋನ್ ಕರೆ ಸಾಕು. ಬೀದರ್‌ನಲ್ಲಿ ಕರ್ನಾಟಕದ ಪಶುವೈದ್ಯ ವಿಶ್ವವಿದ್ಯಾಲಯವೇ ಇದೆ, ಉದಗೀರ್‌ನ ಕಾಲೇಜಿಗೆ ರೈಲಿನಲ್ಲೇ ಹೋಗಿಬರಬಹುದು.

ಸಂತೆ ಮುಚ್ಚುವುದರಿಂದ ರೋಗ ನಿಧಾನವಾಗುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮುಚ್ಚುವುದು ಯಾವಾಗ, ತೆರೆಯುವುದು ಯಾವಾಗ ಎಂಬುದಕ್ಕೆ ಲೆಕ್ಕ ಬೇಕು. ಸುತ್ತಲಿನ ದನಗಳಿಗೆ ಚುಚ್ಚಿ ನಾಲ್ಕು ವಾರ ಕಳೆದ ಮೇಲೂ ಬೀಗ ಮುಂದುವರಿದರೆ ಅದು ರೋಗದ ಲೆಕ್ಕವಲ್ಲ. ದನದ ವ್ಯಾಪಾರಿಗೆ ಬೇರೆ ಬೇರೆ ಕಾರಣಕ್ಕೆ ರಸ್ತೆ ಈಗಾಗಲೇ ಕಷ್ಟ. 2025ರಲ್ಲಿ ಮಹಾರಾಷ್ಟ್ರದ ಖುರೇಷಿ ಸಮುದಾಯದವರು ಗೋರಕ್ಷಕರ ಹೆಸರಿನ ಕಿರುಕುಳ ತಾಳಲಾರದೆ ಖರೀದಿಯನ್ನೇ ನಿಲ್ಲಿಸಿದಾಗ ಮೊದಲು ಪೆಟ್ಟು ತಿಂದದ್ದು ಮಾರಲು ಬಂದ ರೈತರು. ಇಂಥ ವಾತಾವರಣದಲ್ಲಿ ರೋಗದ ಹೆಸರೂ ಇನ್ನೊಂದು ಕೋಲು ಆಗಿಬಿಡುತ್ತದೆ. ಲಾರಿ ತಡೆದವನಿಗೆ ದನಕ್ಕೆ ರೋಗ ಇದೆಯೋ, ಲಸಿಕೆಯ ಗುರುತು ಮಾತ್ರವೋ ಎಂದು ಕೇಳುವವರಿಲ್ಲ.

ಇಲ್ಲೇ ಹೊಸ ಲಸಿಕೆಯ ಒಂದು ಗುಣ ವ್ಯಾಪಾರಕ್ಕೆ ನೇರವಾಗಿ ಸಂಬಂಧಿಸಿದ್ದು. ಬಯೋಲಂಪಿವ್ಯಾಕ್ಸಿನ್ 'ಡೀವಾ' ಬಗೆಯ ಗುರುತು ಲಸಿಕೆ. ರೋಗದ ವೈರಸ್ಸಿನಲ್ಲಿರುವ ಯಾವುದೋ ಒಂದು ಗುರುತು ಲಸಿಕೆಯ ವೈರಸ್ಸಿನಲ್ಲಿ ಇರದಂತೆ ನೋಡಿಕೊಳ್ಳುವುದು ಈ ಬಗೆಯ ಲಸಿಕೆಗಳ ತತ್ವ. ಡೆಂಡ್ರಿಟಿಕ್ ಕೋಶ ಆ ಗುರುತನ್ನು ಯಾರಿಗೂ ತೋರಿಸಿಯೇ ಇಲ್ಲ ಎಂದರೆ ಲಸಿಕೆ ಪಡೆದ ದನದ ರಕ್ತದಲ್ಲಿ ಅದರ ವಿರುದ್ಧದ ಪ್ರತಿಕಾಯವೂ ಇರುವುದಿಲ್ಲ. ರೋಗ ಬಂದುಹೋದ ದನದಲ್ಲಿ ಇರುತ್ತದೆ. ಮೇಕೆ ಸಿಡುಬಿನ ಲಸಿಕೆಯ ಕಾಲದಲ್ಲಿ ರಕ್ತಪರೀಕ್ಷೆ ಮಾಡಿದರೂ ಈ ಎರಡನ್ನು ಬೇರೆ ಮಾಡಲು ಆಗುತ್ತಿರಲಿಲ್ಲ.

ಆ ಪರೀಕ್ಷೆಯ ಕಿಟ್ ಉದಗೀರ್ ಕಾಲೇಜಿನ ಪ್ರಯೋಗಾಲಯದಲ್ಲಿ ಸಿಗಬೇಕು, ಫಲಿತಾಂಶ ಮತ್ತು ಚುಚ್ಚಿದ ದಿನಾಂಕ ಎರಡೂ ದನದ ಕಿವಿಯ 12 ಅಂಕಿಯ ನಂಬರಿನ ಜೊತೆ ದಾಖಲಾಗಬೇಕು, ಉಮರ್ಗಾದಲ್ಲಿ ನೋಡಿದ ಸಿಬ್ಬಂದಿಗೂ ಬಸವಕಲ್ಯಾಣದಲ್ಲಿ ನೋಡಿದ ಸಿಬ್ಬಂದಿಗೂ ಅದೇ ಪುಟ ಕಾಣಬೇಕು. 21 ದಿನ ಆಗಿದೆಯೋ ಇಲ್ಲವೋ ಎಂದು ಆಗ ಚೆಕ್‌ಪೋಸ್ಟ್‌ನಲ್ಲೇ ಎಣಿಸಿ ಹೇಳಬಹುದು.